ಅಮಾವಾಸ್ಯೆ ಎಂಬ ಋಣದ ದಿನ

ಅಮಾವಾಸ್ಯೆ ಹತ್ತಿರವಾಯಿತೆಂದರೆ ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಗೆ ಬೂದುಗುಂಬಳಕಾಯಿ ಲೋಡುಗಟ್ಟಲೆ ಬಂದು ಬೀಳುತ್ತದೆ. ನಿಂಬೆಹಣ್ಣಿನ ಮೂಟೆಗಳು ಬಿಚ್ಚಿಕೊಳ್ಳುತ್ತವೆ, ಹೂವಿನ ದರ ಏರುತ್ತದೆ. ಮರುದಿನ ಬೆಳಿಗ್ಗೆ ಬಿ.ಎಚ್. ರಸ್ತೆಯಲ್ಲೂ ಮಂಡಿಪೇಟೆಯಲ್ಲೂ ಅಂಗಡಿಯವರು ಬಾಗಿಲು ತೊಳೆದು, ಮೇಲೆ ಕಟ್ಟಿದ್ದ ಹಳೆಯ ಕುಂಬಳಕಾಯಿ ಇಳಿಸಿ ಹೊಸದು ಕಟ್ಟುತ್ತಾರೆ. ಆಟೋದವರು ಚಕ್ರದಡಿ ನಿಂಬೆಹಣ್ಣಿಟ್ಟು ಗಾಡಿ ಹಾಯಿಸುತ್ತಾರೆ. ಹೊಸ ಬೈಕ್ ತರಲು ಹೊರಟ ಹುಡುಗನನ್ನು ಮನೆಯ ಅಜ್ಜಿ ತಡೆಯುತ್ತಾರೆ: "ಇವತ್ತು ಅಮಾಸೆ ಕಣಪ್ಪ, ನಾಳೆ ತಂದ್ರಾಯ್ತು ಬಿಡು."

ಅದೇ ಹೊತ್ತಿಗೆ ಕುಣಿಗಲ್ ಬಸ್ ನಿಲ್ದಾಣದಲ್ಲಿ ಹಣ್ಣುಕಾಯಿ ಚೀಲ ಹಿಡಿದ ಸಂಸಾರಗಳು ಯಡಿಯೂರಿನ ಬಸ್ಸಿಗೆ ಕಾಯುತ್ತಿರುತ್ತವೆ. ಗುಬ್ಬಿ ಸೀಮೆಯ ಹಳ್ಳಿಗಳಲ್ಲಿ ರೂಢಿ ಬಿಡದ ಮನೆಯವರು ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ.

ಒಳ್ಳೆಯ ಕೆಲಸಕ್ಕೆ ಆಗದ ದಿನ ಎನ್ನುತ್ತೇವೆ. ಆದರೆ ದೇವಸ್ಥಾನ ತುಂಬುವುದೂ, ಗಂಡನ ಆಯುಷ್ಯಕ್ಕೆ ವ್ರತ ಹಿಡಿಯುವುದೂ, ಮನೆಗೆ ಲಕ್ಷ್ಮಿಯನ್ನು ಕರೆಯುವುದೂ ಅಮಾವಾಸ್ಯೆಯಂದೇ. ಒಂದೇ ತಿಥಿಯ ಬಗ್ಗೆ ಹೀಗೆ ಎರಡು ಭಾವ ಬೆಳೆದದ್ದು ಹೇಗೆಂದು ತಿಳಿಯಬೇಕಾದರೆ ಮೊದಲು ಆಕಾಶ ನೋಡಬೇಕು, ಆಮೇಲೆ ಪಂಚಾಂಗ, ಕೊನೆಗೆ ನಮ್ಮ ಅಡುಗೆಮನೆ.

ಆಕಾಶದಲ್ಲಿ ಆಗುವುದೇನು?

ಚಂದ್ರನಿಗೆ ಸ್ವಂತ ಬೆಳಕಿಲ್ಲ. ಅವನ ಅರ್ಧ ಭಾಗದ ಮೇಲೆ ಸದಾ ಸೂರ್ಯನ ಬೆಳಕು ಬೀಳುತ್ತಲೇ ಇರುತ್ತದೆ. ಅಮಾವಾಸ್ಯೆಯಂದು ಸೂರ್ಯ ಮತ್ತು ಚಂದ್ರ ನಮಗೆ ಒಂದೇ ದಿಕ್ಕಿನಲ್ಲಿರುತ್ತಾರೆ. ಬೆಳಗಿದ ಭಾಗ ಸೂರ್ಯನ ಕಡೆಗೆ, ಕತ್ತಲ ಭಾಗ ನಮ್ಮ ಕಡೆಗೆ. ಅಂದು ಚಂದ್ರ ಹುಟ್ಟುವುದೂ ಮುಳುಗುವುದೂ ಹೆಚ್ಚುಕಡಿಮೆ ಸೂರ್ಯನ ಜೊತೆಗೇ. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸರಾಸರಿ 29 ದಿನ, 12 ಗಂಟೆ, 44 ನಿಮಿಷ.

ಸೂರ್ಯಗ್ರಹಣ ಆಗುವುದು ಅಮಾವಾಸ್ಯೆಯಂದು ಮಾತ್ರ. ಆದರೆ ಎಲ್ಲ ಅಮಾವಾಸ್ಯೆಗೂ ಗ್ರಹಣವಿಲ್ಲ. ಚಂದ್ರ ಸುತ್ತುವ ದಾರಿ ಭೂಮಿಯ ದಾರಿಗೆ ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ ಅವನ ನೆರಳು ಬಹುಪಾಲು ಸಲ ಭೂಮಿಯನ್ನು ತಪ್ಪಿಸಿಕೊಂಡು ಹೋಗುತ್ತದೆ. 2022ರ ಅಕ್ಟೋಬರ್ 25ರಂದು ತಪ್ಪಲಿಲ್ಲ. ದೀಪಾವಳಿ ಅಮಾವಾಸ್ಯೆಯ ಸಂಜೆ ಸೂರ್ಯ ಗ್ರಹಣ ಹಿಡಿದೇ ಮುಳುಗಿದ. ಆ ವರ್ಷ 24ರ ಸಂಜೆ ಲಕ್ಷ್ಮೀಪೂಜೆ ಮುಗಿಸಿ, ನಡುವೆ ಒಂದು ದಿನ ಗ್ರಹಣಕ್ಕೆ ಬಿಟ್ಟು, 26ಕ್ಕೆ ಬಲಿಪಾಡ್ಯಮಿ ಮಾಡಿದ್ದು ಹಲವರಿಗೆ ನೆನಪಿರಬಹುದು.

ಒಂದೇ ಹಬ್ಬಕ್ಕೆ ಎರಡು ದಿನ ಯಾಕೆ?

"ಅಮಾವಾಸ್ಯೆ ಇವತ್ತೋ ನಾಳೆಯೋ?" ಎಂಬ ಪ್ರಶ್ನೆ ವರ್ಷಕ್ಕೊಮ್ಮೆಯಾದರೂ ಪ್ರತಿ ಮನೆಯಲ್ಲೂ ಏಳುತ್ತದೆ. ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿಯಲು ಹಿಡಿಯುವ ಕಾಲಕ್ಕೆ ಒಂದು ತಿಥಿ. ಇಂಥ 30 ತಿಥಿ ಸೇರಿ ಒಂದು ತಿಂಗಳು. ಚಂದ್ರನ ವೇಗ ದಿನದಿನಕ್ಕೆ ಬದಲಾಗುವುದರಿಂದ ತಿಥಿಯ ಅಳತೆಯೂ ಬದಲಾಗುತ್ತದೆ. ಹಾಗಾಗಿ ಅಮಾವಾಸ್ಯೆ ಬೆಳಿಗ್ಗೆಯೇ ಶುರುವಾಗಬೇಕೆಂದಿಲ್ಲ, ನಡುರಾತ್ರಿಯೂ ಹಿಡಿಯಬಹುದು.

2024ರ ದೀಪಾವಳಿಯಲ್ಲಿ ಅಮಾವಾಸ್ಯೆ ಹಿಡಿದದ್ದು ಅಕ್ಟೋಬರ್ 31ರ ಮಧ್ಯಾಹ್ನ ನಾಲ್ಕರ ಹೊತ್ತಿಗೆ, ಬಿಟ್ಟದ್ದು ನವೆಂಬರ್ 1ರ ಸಂಜೆ ಆರು ದಾಟಿದ ಮೇಲೆ. ಎರಡೂ ದಿನ ಸೂರ್ಯಾಸ್ತದ ಹೊತ್ತಿಗೆ ಅಮಾವಾಸ್ಯೆ ಇತ್ತು. ಲಕ್ಷ್ಮೀಪೂಜೆಗೆ ಬೇಕಾದದ್ದೂ ಸಂಜೆಯ ಅಮಾವಾಸ್ಯೆಯೇ. ಕೆಲವರು ಮೊದಲ ದಿನ ಪೂಜೆ ಮಾಡಿದರು, ಇನ್ನು ಕೆಲವರು ಕನ್ನಡ ರಾಜ್ಯೋತ್ಸವದ ದಿನ. ಎರಡೂ ಕಡೆಯವರ ಲೆಕ್ಕ ಸರಿಯೇ ಇತ್ತು.

ಒಂದೊಂದು ಆಚರಣೆಗೆ ಒಂದೊಂದು ಹೊತ್ತು ಮುಖ್ಯ. ಹಿರಿಯರ ತರ್ಪಣಕ್ಕೆ ಮಧ್ಯಾಹ್ನದ ಅಮಾವಾಸ್ಯೆ ಬೇಕು, ಲಕ್ಷ್ಮೀಪೂಜೆಗೆ ಮುಸ್ಸಂಜೆಯದು, ಹಲವು ವ್ರತಗಳಿಗೆ ಸೂರ್ಯೋದಯದ ಹೊತ್ತಿನದು. ಇಷ್ಟು ಗೊತ್ತಿದ್ದರೆ ಕ್ಯಾಲೆಂಡರ್ ಕ್ಯಾಲೆಂಡರಿಗೂ ಕಾಣುವ ವ್ಯತ್ಯಾಸ ಗೊಂದಲ ಎನಿಸುವುದಿಲ್ಲ.

ತಿಂಗಳ ಗಡಿಕಲ್ಲು

ಕರ್ನಾಟಕದಲ್ಲಿ ಚಾಂದ್ರಮಾಸ ಮುಗಿಯುವುದು ಅಮಾವಾಸ್ಯೆಗೆ. ಪಾಡ್ಯಕ್ಕೆ ಹೊಸ ತಿಂಗಳು. ಉತ್ತರ ಭಾರತದ ಬಹುಭಾಗದಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ. ಹಾಗಾಗಿ ನಾವು ಭಾದ್ರಪದದ ಕೃಷ್ಣಪಕ್ಷ ಎನ್ನುವ ಪಿತೃಪಕ್ಷ ಅವರ ಲೆಕ್ಕದಲ್ಲಿ ಆಶ್ವಯುಜಕ್ಕೆ ಸೇರುತ್ತದೆ. ದಿನ ಒಂದೇ, ತಿಂಗಳ ಹೆಸರು ಬೇರೆ. ನಮ್ಮ ಹೊಲಕ್ಕೆ ಬದುವಿನ ಕಲ್ಲು ಹೇಗೋ, ನಮ್ಮ ವರ್ಷಕ್ಕೆ ಅಮಾವಾಸ್ಯೆ ಹಾಗೆ. ಅದನ್ನು ನೋಡಿಯೇ ಎಲ್ಲಿ ಮುಗಿಯಿತು, ಎಲ್ಲಿಂದ ಶುರು ಎಂದು ಹೇಳುತ್ತೇವೆ. ಫಾಲ್ಗುಣದ ಅಮಾವಾಸ್ಯೆ ಕಳೆದ ಮೇಲೆಯೇ ಯುಗಾದಿ.

ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. ಹೀಗೇ ಬಿಟ್ಟರೆ ಯುಗಾದಿ ಮಳೆಗಾಲಕ್ಕೂ ದೀಪಾವಳಿ ಬೇಸಿಗೆಗೂ ಜಾರಿಬಿಡುತ್ತವೆ. ಅದನ್ನು ಸರಿಪಡಿಸುವುದು ಅಧಿಕ ಮಾಸ. ಅದನ್ನು ಗುರುತಿಸುವುದೂ ಅಮಾವಾಸ್ಯೆಯಿಂದಲೇ. ಎರಡು ಅಮಾವಾಸ್ಯೆಗಳ ನಡುವೆ ಸೂರ್ಯ ರಾಶಿ ಬದಲಿಸದೇ ಹೋದರೆ ಆ ತಿಂಗಳು ಅಧಿಕ. 2023ರ ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ ಬಂದದ್ದು ಹೀಗೆ.

ಹನ್ನೆರಡಕ್ಕೂ ಹೆಸರುಂಟು

ಕನ್ನಡನಾಡಿನ ಕ್ಯಾಲೆಂಡರ್‌ನಲ್ಲಿ ಪ್ರತಿ ಅಮಾವಾಸ್ಯೆಗೂ ಹೆಸರಿದೆ. ಚೈತ್ರದ್ದು ಅಕ್ಷತದಿಗೆ ಅಮಾವಾಸ್ಯೆ, ವೈಶಾಖದ್ದು ಬಾದಾಮಿ ಅಮಾವಾಸ್ಯೆ, ಜ್ಯೇಷ್ಠದ್ದು ಮಣ್ಣೆತ್ತಿನ ಅಮಾವಾಸ್ಯೆ. ಆಷಾಢದ್ದು ನಮಗೆ ಭೀಮನ ಅಮಾವಾಸ್ಯೆ, ಉತ್ತರ ಕರ್ನಾಟಕದವರಿಗೆ ನಾಗರ ಅಮಾವಾಸ್ಯೆ. ಶ್ರಾವಣಕ್ಕೆ ಬೆನಕನ ಅಮಾವಾಸ್ಯೆ, ಭಾದ್ರಪದಕ್ಕೆ ಮಹಾಲಯ, ಆಶ್ವಯುಜಕ್ಕೆ ದೀವಳಿಗೆ, ಕಾರ್ತಿಕಕ್ಕೆ ಚಟ್ಟಿ, ಮಾರ್ಗಶಿರಕ್ಕೆ ಎಳ್ಳ ಅಮಾವಾಸ್ಯೆ, ಪುಷ್ಯಕ್ಕೆ ಅವರಾತ್ರಿ, ಮಾಘಕ್ಕೆ ಶಿವರಾತ್ರಿ, ಫಾಲ್ಗುಣಕ್ಕೆ ಯುಗಾದಿ ಅಮಾವಾಸ್ಯೆ.

ಈ ಪಟ್ಟಿಯನ್ನು ನಿಧಾನವಾಗಿ ಓದಿದರೆ ಒಂದು ಸಂಗತಿ ಹೊಳೆಯುತ್ತದೆ. ಹಲವು ಅಮಾವಾಸ್ಯೆಗಳು ಹೆಸರು ಪಡೆದದ್ದು ಮುಂದೆ ಬರುವ ಹಬ್ಬದಿಂದ. ನಾಗರ ಅಮಾವಾಸ್ಯೆ ಕಳೆದರೆ ನಾಗರ ಪಂಚಮಿ, ಬೆನಕನ ಅಮಾವಾಸ್ಯೆ ಕಳೆದರೆ ಗಣೇಶನ ಚೌತಿ, ಯುಗಾದಿ ಅಮಾವಾಸ್ಯೆಯ ಮರುದಿನವೇ ಯುಗಾದಿ. ಕತ್ತಲೆಯ ದಿನಕ್ಕೆ ನಮ್ಮ ಹಿಂದಿನವರು ಬರಲಿರುವ ಸಂಭ್ರಮದ ಹೆಸರಿಟ್ಟರು. ಹೆದರಿ ದೂರ ಇಟ್ಟ ದಿನಕ್ಕೆ ಯಾರೂ ಹೀಗೆ ಹೆಸರಿಡುವುದಿಲ್ಲ.

ಪ್ರದೇಶಕ್ಕೆ ತಕ್ಕಂತೆ ಆಚರಣೆಯೂ ಬೇರೆ. ಎಳ್ಳ ಅಮಾವಾಸ್ಯೆಗೆ ಉತ್ತರದ ಬಯಲುಸೀಮೆಯ ರೈತರು ಜೋಳದ ಹೊಲಕ್ಕೆ ಬುತ್ತಿ ಹೊತ್ತು ಹೋಗಿ ಭೂಮಿತಾಯಿಗೆ ಚರಗ ಚೆಲ್ಲುತ್ತಾರೆ. ಕರಾವಳಿಯವರು ತಮ್ಮ ಆಟಿ ತಿಂಗಳ ಅಮಾವಾಸ್ಯೆಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ತುಮಕೂರು ಸೀಮೆಯಲ್ಲಿ ಹೆಚ್ಚು ಗಟ್ಟಿಯಾಗಿ ಉಳಿದಿರುವುದು ಭೀಮನ ಅಮಾವಾಸ್ಯೆ, ಮಹಾಲಯ ಮತ್ತು ದೀಪಾವಳಿ.

ಪಿತೃಗಳ ನಡುಮಧ್ಯಾಹ್ನ

ಹಿರಿಯರಿಗೂ ಅಮಾವಾಸ್ಯೆಗೂ ಏನು ನಂಟು? ನಮ್ಮ ಒಂದು ಚಾಂದ್ರಮಾಸ ಪಿತೃಗಳಿಗೆ ಒಂದು ಹಗಲು, ಒಂದು ರಾತ್ರಿ ಎಂದು ಮನುಸ್ಮೃತಿ ಹೇಳುತ್ತದೆ. ಇದನ್ನು ಗಣಿತದ ಕಣ್ಣಿನಿಂದ ವಿವರಿಸಿದವರು ಭಾಸ್ಕರಾಚಾರ್ಯರು. 1150ರಲ್ಲಿ ರಚಿಸಿದ 'ಸಿದ್ಧಾಂತ ಶಿರೋಮಣಿ'ಯಲ್ಲಿ ಅವರು ಕೊಡುವ ವಿವರಣೆಯಂತೆ ಪಿತೃಗಳ ವಾಸ ಚಂದ್ರನ ಮೇಲ್ಭಾಗದಲ್ಲಿ, ಅಂದರೆ ನಮಗೆ ಕಾಣದ ಬದಿಯಲ್ಲಿ. ಅಮಾವಾಸ್ಯೆಯಂದು ಸೂರ್ಯ ಅವರ ನೆತ್ತಿಯ ಮೇಲೆ ಬರುತ್ತಾನೆ. ಅದು ಅವರ ನಡುಮಧ್ಯಾಹ್ನ.

ಮಧ್ಯಾಹ್ನವೆಂದರೆ ಊಟದ ಹೊತ್ತು. ಆ ಹೊತ್ತಿಗೆ ಹಿರಿಯರಿಗೆ ಅನ್ನ, ನೀರು ಕೊಡಬೇಕೆಂಬುದು ಈ ಲೆಕ್ಕದ ಸಹಜ ಮುಂದುವರಿಕೆ.

ಪಿತೃಲೋಕವನ್ನು ನಂಬುವುದು ಬಿಡುವುದು ಅವರವರ ಮನಸ್ಸಿಗೆ ಬಿಟ್ಟದ್ದು. ಖಗೋಳದ ಮಾತು ಮಾತ್ರ ನಿಜ. ಅಮಾವಾಸ್ಯೆಯಂದು ನಮಗೆ ಚಂದ್ರ ಪೂರ್ತಿ ಕತ್ತಲೆ, ಅವನ ಆಚೆ ಬದಿಯಲ್ಲಿ ಪೂರ್ತಿ ಬಿಸಿಲು. ಆ ಬದಿಯ ಮೊದಲ ಚಿತ್ರ ಮನುಷ್ಯನಿಗೆ ಸಿಕ್ಕಿದ್ದು 1959ರಲ್ಲಿ, ಸೋವಿಯತ್ ಒಕ್ಕೂಟದ ಲೂನಾ-3 ನೌಕೆಯಿಂದ. ಎಂಟುನೂರು ವರ್ಷ ಮೊದಲೇ ಒಬ್ಬ ಗಣಿತಜ್ಞ ಕಾಣದ ಬದಿಯ ಬಿಸಿಲನ್ನು ಲೆಕ್ಕದಲ್ಲೇ ಕಂಡು, ಅಲ್ಲಿ ನಮ್ಮ ಹಿರಿಯರನ್ನು ಇರಿಸಿದ್ದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಎಡೆಯ ಮುಂದೆ

ಮಹಾಲಯ ಅಮಾವಾಸ್ಯೆ ಹಳೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹಿರಿಯರ ಹಬ್ಬ. ಸರ್ಕಾರಿ ರಜೆಯೂ ಇರುವುದರಿಂದ ಬೆಂಗಳೂರಿನಲ್ಲಿ ದುಡಿಯುವ ಮಕ್ಕಳು ಹಿಂದಿನ ರಾತ್ರಿಯೇ ಊರಿಗೆ ಬರುತ್ತಾರೆ.

ನಡುಮನೆಯ ಗೋಡೆಯ ಬಳಿ ತೀರಿಕೊಂಡವರ ಫೋಟೊ, ಅದರ ಮುಂದೆ ಕಳಶ, ಪಕ್ಕದಲ್ಲಿ ಹೊಸ ಪಂಚೆ, ಹೊಸ ಸೀರೆ. ಬಾಳೆಎಲೆಯ ಮೇಲೆ ಎಡೆ. ಎಡೆಯಲ್ಲಿ ಇರಬೇಕಾದದ್ದು ಅವರಿಗೆ ಇಷ್ಟವಾದದ್ದು. ಮಾಂಸದೂಟದ ಮನೆಯಾದರೆ ಮುದ್ದೆ, ಬಾಡಿನ ಸಾರು. ಸಸ್ಯಾಹಾರದ ಮನೆಯಾದರೆ ವಡೆ, ಪಾಯಸ, ಕಜ್ಜಾಯ. ಅಜ್ಜನಿಗೆ ಬೀಡಿ ಇಷ್ಟವಿದ್ದರೆ ಒಂದು ಕಟ್ಟು ಬೀಡಿ, ಅಜ್ಜಿಗೆ ಎಲೆಅಡಿಕೆ, ಕಡ್ಡಿಪುಡಿ. ಸಂಜೆ ಒಂದು ಗುಟುಕು ಹಾಕುತ್ತಿದ್ದವರಿಗೆ ಅದೂ ಉಂಟು. ಮನೆಯವರೆಲ್ಲ ಧೂಪ ಹಾಕಿ ಕೈಮುಗಿದು ಹೊರಗೆ ಬರುತ್ತಾರೆ. ಬಾಗಿಲು ಮುಂದಕ್ಕೆ ಎಳೆದು ಸ್ವಲ್ಪ ಹೊತ್ತು ಕಾಯುತ್ತಾರೆ. ಹಿರಿಯರು ನೆಮ್ಮದಿಯಾಗಿ ಉಣ್ಣಲಿ ಎಂದು. ಮಾಳಿಗೆಯ ಮೇಲೆ ಕಾಗೆಗೆ ಒಂದು ಎಲೆ ಹೋಗುತ್ತದೆ. ಆಮೇಲೆಯೇ ಮಿಕ್ಕವರ ಊಟ.

ಇಲ್ಲಿ ಮಂತ್ರ ಬಲ್ಲ ಪುರೋಹಿತರೇ ಬೇಕೆಂದಿಲ್ಲ. ಸತ್ತವರ ನಾಲಿಗೆಯ ರುಚಿ ನೆನಪಿಟ್ಟುಕೊಂಡ ಹೆಂಗಸೊಬ್ಬಳು ಇರಬೇಕು. ಮಾವನಿಗೆ ಸಾರಿನಲ್ಲಿ ಖಾರ ಹೆಚ್ಚಿರಬೇಕಿತ್ತು ಎಂದು ನೆನೆದು ಸೊಸೆ ಇನ್ನೆರಡು ಮೆಣಸಿನಕಾಯಿ ಹಾಕುತ್ತಾಳಲ್ಲ, ಅದೇ ಆ ಮನೆಯ ಶ್ರಾದ್ಧ.

ವೈದಿಕ ಪದ್ಧತಿಯ ಮನೆಗಳಲ್ಲಿ ಕಪ್ಪು ಎಳ್ಳು, ದರ್ಭೆ, ನೀರು. ತಂದೆ, ಅಜ್ಜ, ಮುತ್ತಜ್ಜ, ತಾಯಿ, ಅಜ್ಜಿ, ಮುತ್ತಜ್ಜಿ ಎಂದು ಒಬ್ಬೊಬ್ಬರ ಹೆಸರು ಹಿಡಿದು ತರ್ಪಣ ಬಿಡುತ್ತಾರೆ. ಮಹಾಲಯದಲ್ಲಿ ಈ ಪಟ್ಟಿ ಇನ್ನೂ ಬೆಳೆಯುತ್ತದೆ. ಮಕ್ಕಳಿಲ್ಲದ ಅತ್ತೆ, ಕಲಿಸಿದ ಗುರು, ಜೀವದ ಗೆಳೆಯ, ಸತ್ತ ತಿಥಿಯೇ ಗೊತ್ತಿಲ್ಲದವರು, ಎಲ್ಲರಿಗೂ ಅಂದು ಒಂದು ಬೊಗಸೆ ನೀರುಂಟು.

ಇದರ ಬೆಲೆ ನಾಡಿಗೆ ಮತ್ತೆ ತಿಳಿದದ್ದು ಕೊರೊನಾ ಕಾಲದಲ್ಲಿ. ಮಣ್ಣಿಗೆ ಹೋಗಲಾಗದೆ, ಮುಖ ನೋಡಲಾಗದೆ ಉಳಿದವರು ಅಸಂಖ್ಯ. 2021ರ ಅಕ್ಟೋಬರ್‌ನಲ್ಲಿ, ಮಹಾಲಯ ಅಮಾವಾಸ್ಯೆಗೆ ಮುನ್ನ, ಆಗಿನ ಕಂದಾಯ ಸಚಿವ ಆರ್. ಅಶೋಕ ಶ್ರೀರಂಗಪಟ್ಟಣದ ಕಾವೇರಿ ತೀರದಲ್ಲಿ, ವಾರಸುದಾರರು ಬಾರದೆ ಉಳಿದ ಸಾವಿರಕ್ಕೂ ಹೆಚ್ಚು ಕೋವಿಡ್ ಮೃತರಿಗೆ ಸರ್ಕಾರದ ಪರವಾಗಿ ಪಿಂಡಪ್ರದಾನ ಮಾಡಿದರು. ಯಾರೂ ಇಲ್ಲದವರಿಗೂ ಒಂದು ತುತ್ತು ಇಡಬೇಕೆಂಬ ಮಹಾಲಯದ ಮನಸ್ಸು ಅಲ್ಲಿ ಇಡೀ ರಾಜ್ಯದ ಮಾತಾಯಿತು.

ದೀಪದ ಕಂಬ, ಕಡುಬು, ಕಜ್ಜಾಯ

ಭೀಮನ ಅಮಾವಾಸ್ಯೆ ಹೆಣ್ಣುಮಕ್ಕಳ ಹಬ್ಬ. ಜೋಡಿ ದೀಪದ ಕಂಬಗಳನ್ನು ಶಿವಪಾರ್ವತಿಯರೆಂದು ಪೂಜಿಸಿ, ಒಂಬತ್ತು ಗಂಟಿನ ದಾರ ಕಟ್ಟಿಕೊಳ್ಳುತ್ತಾರೆ. ವ್ರತದ ಕಥೆ ಗಟ್ಟಿ ಜೀವದ ಹೆಣ್ಣೊಬ್ಬಳದು. ಸತ್ತ ರಾಜಕುಮಾರನಿಗೆ ಅವಳನ್ನು ಮದುವೆ ಮಾಡಿಕೊಟ್ಟುಬಿಡುತ್ತಾರೆ. ಎಲ್ಲರೂ ಬಿಟ್ಟುಹೋದ ನದಿಯ ದಡದಲ್ಲಿ, ಹೆಣದ ಪಕ್ಕ ಕೂತು, ಮಣ್ಣಿನ ದೀಪ ಮಾಡಿ ಅವಳು ಅಮಾವಾಸ್ಯೆಯ ವ್ರತ ಬಿಡದೆ ನಡೆಸುತ್ತಾಳೆ. ಶಿವಪಾರ್ವತಿಯರು ಬಂದು ಗಂಡನನ್ನು ಎಬ್ಬಿಸುತ್ತಾರೆ.

ಪೂಜೆಯ ಕೊನೆಗೆ ಹೊಸ್ತಿಲ ಮೇಲೆ, ಒಳಗೆ ಕಾಸು ಹುದುಗಿಸಿದ ಕಡುಬು ಇಡುತ್ತಾರೆ. ಅಣ್ಣನೋ ತಮ್ಮನೋ ಅದನ್ನು ಮೊಣಕೈಯಿಂದ ಗುದ್ದಿ ಭಂಡಾರ ಒಡೆಯುತ್ತಾನೆ. ಗಂಡನಿಗಾಗಿ ಮಾಡುವ ವ್ರತವನ್ನು ಮುಗಿಸಿಕೊಡುವವನು ತವರಿನ ಹುಡುಗ.

ದೀಪಾವಳಿ ಅಮಾವಾಸ್ಯೆಗೆ ಈ ಸೀಮೆಯ ಹಲವು ಮನೆಗಳಲ್ಲಿ ಕೇದಾರೇಶ್ವರನ ವ್ರತ, ಜನರ ಮಾತಿನಲ್ಲಿ ನೋಮುವ ಹಬ್ಬ. 21 ಎಳೆಯ ದಾರ, 21 ವೀಳ್ಯದೆಲೆ, 21 ಅಡಿಕೆ, 21 ಕಜ್ಜಾಯ. ಅಂದು ಸಂಜೆಯೇ ಅಂಗಡಿಗಳಲ್ಲಿ ಲಕ್ಷ್ಮೀಪೂಜೆ, ಗಲ್ಲಾಪೆಟ್ಟಿಗೆಗೆ ಹೂವು. ವರ್ಷದಲ್ಲೇ ಅತ್ಯಂತ ಹೆಚ್ಚು ದೀಪ ಹಚ್ಚುವುದು ಒಂದು ಅಮಾವಾಸ್ಯೆಯ ರಾತ್ರಿಯಲ್ಲಿ.

ದೇವರ ದಾರಿ, ಶರಣರ ಪ್ರಶ್ನೆ

ಯಡಿಯೂರಿನಲ್ಲಿ ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆ, ಗುಬ್ಬಿಯಲ್ಲಿ ಅವರ ಗುರು ಗೋಸಲ ಚನ್ನಬಸವೇಶ್ವರರ ಕ್ಷೇತ್ರ. ಕುಣಿಗಲ್ ದಾಟಿ ಮುಂದೆ ಹೋದರೆ ಆದಿಚುಂಚನಗಿರಿಯ ಕಾಲಭೈರವ, ಇನ್ನೂ ದಕ್ಷಿಣಕ್ಕೆ ಮಲೆ ಮಹದೇಶ್ವರ ಬೆಟ್ಟ. ಅಮಾವಾಸ್ಯೆಗೆ ಈ ದಾರಿಗಳಲ್ಲಿ ಜನ ಹೆಚ್ಚು. ತಡೆ ಒಡೆಸುವವರು, ಹರಕೆ ತೀರಿಸುವವರು, ದಾಸೋಹದಲ್ಲಿ ಒಂದು ಹೊತ್ತು ಉಂಡು ಬರುವವರು. ಮಾಘದ ಅಮಾವಾಸ್ಯೆಯ ಹಿಂದಿನ ಚತುರ್ದಶಿ ಶಿವರಾತ್ರಿ. ತುಮಕೂರಿನ ಸಿದ್ಧಗಂಗೆಯ ಜಾತ್ರೆ, ದನಗಳ ಪರಿಷೆ ಸೇರುವುದು ಆ ದಿನಗಳಲ್ಲೇ.

ಇದೇ ನೆಲದಲ್ಲಿ ಇನ್ನೊಂದು ದನಿಯೂ ಇದೆ. ವಾರ, ತಿಥಿ, ನಕ್ಷತ್ರ ನೋಡಿ ಭಕ್ತಿ ಮಾಡುವುದನ್ನು ಹನ್ನೆರಡನೆಯ ಶತಮಾನದ ಶರಣರು ಪ್ರಶ್ನಿಸಿದರು. ಮನಸ್ಸು ಶುದ್ಧವಿದ್ದರೆ ಎಲ್ಲ ದಿನವೂ ಒಂದೇ ಎಂದರು. ಈ ಮಾತು ಅಮಾವಾಸ್ಯೆಯ ಆಚರಣೆಯನ್ನು ಅಳಿಸಲಿಲ್ಲ. ಆದರೆ ದಿನಕ್ಕಿಂತ ಮನಸ್ಸು ದೊಡ್ಡದೆಂಬ ಎಚ್ಚರವನ್ನು ಉಳಿಸಿತು. ಆ ಎಚ್ಚರ ಇಂದು ನಮಗೆ ಹೆಚ್ಚು ಬೇಕಾಗಿದೆ.

ಭಯ ಬಂದದ್ದು ಎಲ್ಲಿಂದ?

ಕರೆಂಟು ಇಲ್ಲದ ಕಾಲವನ್ನು ನೆನೆಯಿರಿ. ಬೆಂಗಳೂರಿಗೇ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಹಳ್ಳಿಗಳಿಗೆ ಬರಲು ಇನ್ನೂ ಹಲವು ದಶಕ ಹಿಡಿಯಿತು. ಅಮಾವಾಸ್ಯೆಯ ರಾತ್ರಿ ಹಾವು, ಕಳ್ಳ, ಹಳ್ಳಕೊಳ್ಳ ಯಾವುದೂ ಕಾಣದು. ಅಂದು ಪ್ರಯಾಣ ಬೇಡ ಎಂದ ಹಿರಿಯರ ಮಾತಿಗೆ ಆಗ ಗಟ್ಟಿ ಕಾರಣವಿತ್ತು. ಹಿರಿಯರಿಗೆಂದು ಎತ್ತಿಟ್ಟ ದಿನ ಮದುವೆ, ಗೃಹಪ್ರವೇಶ ಬೇಡ ಎಂಬುದಕ್ಕೂ ಅರ್ಥವಿತ್ತು. ಬಾಯಿಂದ ಬಾಯಿಗೆ ದಾಟುತ್ತ ಕಾರಣ ಕಳಚಿಕೊಂಡಿತು, ಹೆದರಿಕೆ ಉಳಿಯಿತು.

ಗಡಿಯಾಚೆಯ ತಮಿಳುನಾಡಿನಲ್ಲಿ ಹಲವರು ಅಮಾವಾಸ್ಯೆಯನ್ನು ತುಂಬಿದ ದಿನವೆಂದು ಕರೆದು ಹೊಸ ಕೆಲಸಕ್ಕೆ ಕೈ ಹಾಕುತ್ತಾರೆ. ಚಂದ್ರ ಇಬ್ಬರಿಗೂ ಒಬ್ಬನೇ. ದಿನದಲ್ಲೇ ಕೇಡಿದ್ದಿದ್ದರೆ ಹೊಸೂರಿನವರಿಗೆ ಒಳ್ಳೆಯದಾಗಿ ಕುಣಿಗಲ್ಲಿನವರಿಗೆ ಕೆಟ್ಟದ್ದಾಗುವುದು ಹೇಗೆ?

ಅಮಾವಾಸ್ಯೆಗೆ ಮನೋರೋಗ ಕೆರಳುತ್ತದೆ ಎಂಬ ನಂಬಿಕೆಗೂ ಗಟ್ಟಿ ಪುರಾವೆಯಿಲ್ಲ. ಸಮುದ್ರ ಉಕ್ಕುವುದು ನಿಜ, ಅದು ಹುಣ್ಣಿಮೆಗೂ ಅಷ್ಟೇ. ಒಬ್ಬ ಮನುಷ್ಯನ ದೇಹದ ಮೇಲೆ ಆ ಸೆಳೆತ ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಮನಸ್ಸಿಗೆ ಹುಷಾರಿಲ್ಲದವರಿಗೆ ಬೇಕಾದದ್ದು ವೈದ್ಯರು. ಅಮಾವಾಸ್ಯೆಯ ಹೆಸರಿನಲ್ಲಿ ಭಯ ಬಿತ್ತಿ ದುಡ್ಡು ಕೀಳುವವರು ಕುಟುಂಬಗಳನ್ನು ಹಾಳು ಮಾಡುತ್ತಾರೆ. ವಾಮಾಚಾರದ ಕ್ರೌರ್ಯಗಳ ವಿರುದ್ಧ ಕರ್ನಾಟಕ 2017ರಲ್ಲಿ ಕಾಯ್ದೆ ತಂದಿದೆ, 2020ರ ಜನವರಿಯಿಂದ ಅದು ಜಾರಿಯಲ್ಲಿದೆ.

ರಸ್ತೆಯ ಮೇಲಿನ ಕುಂಬಳಕಾಯಿ

ಅಮಾವಾಸ್ಯೆಯ ಸಂಜೆ ಊರಿನ ಯಾವ ವೃತ್ತದಲ್ಲಿ ನಿಂತರೂ ಕಾಣುವ ನೋಟ: ಕುಂಕುಮ ತುಂಬಿ ಒಡೆದ ಬೂದುಗುಂಬಳಕಾಯಿ, ಟೈರಿನಡಿ ಸಿಕ್ಕಿ ಲೋಳೆಯಾದ ತಿರುಳು. ಹಿಂದೆ ಬರುವ ಬೈಕ್ ಸವಾರ ಅದರ ಮೇಲೆ ಬ್ರೇಕ್ ಹಾಕಿದರೆ ಜಾರಿ ಬೀಳುತ್ತಾನೆ. ಬೆಳಗಾಗುವ ಮೊದಲೇ ಅದನ್ನು ಬಾಚಿ ತೆಗೆಯಬೇಕಾದವರು ಪೌರಕಾರ್ಮಿಕರು.

ನಮ್ಮ ಅಂಗಡಿಗೆ ತಗುಲಿದ ದೃಷ್ಟಿ ಕಳೆಯಲು ಇನ್ನೊಬ್ಬರ ಮನೆಯ ಮಗನ ಕೈಕಾಲು ಮುರಿಯಬಾರದು. ಇಳಿ ತೆಗೆದ ಕಾಯಿಯನ್ನು ರಸ್ತೆಯ ಅಂಚಿನಲ್ಲಿ ಒಡೆದು, ಹೋಳುಗಳನ್ನು ನಾವೇ ಎತ್ತಿ ಮರದ ಬುಡಕ್ಕೆ ಹಾಕಿದರೆ ಯಾವ ಶಾಸ್ತ್ರಕ್ಕೂ ಕೊರತೆಯಾಗದು.

ಉಳಿಸಿಕೊಳ್ಳಬೇಕಾದದ್ದು

ಭಯವನ್ನು ತೆಗೆದಿಟ್ಟು ನೋಡಿದರೆ ಅಮಾವಾಸ್ಯೆಯಲ್ಲಿ ಉಳಿಯುವುದು ಋಣದ ಲೆಕ್ಕ. ಅನ್ನ ಹಾಕಿ ಬೆಳೆಸಿದವರಿಗೆ ಒಂದು ಎಡೆ, ಹೊಲ ಉತ್ತ ಎತ್ತಿಗೆ ಒಂದು ದಿನದ ಬಿಡುವು, ಕಾಪಾಡಿದ ದೇವರಿಗೆ ಒಂದು ಕಾಯಿ, ತವರಿಗೂ ಹೆಣ್ಣುಮಗಳಿಗೂ ನಡುವೆ ಒಂದು ಕಡುಬು. ಹೊಸ ಲಾಭದ ಕೆಲಸವನ್ನು ಅಂದು ತಡೆಹಿಡಿದದ್ದು ಹಳೆಯ ಬಾಕಿ ತೀರಿಸಲು ಕೈ ಬಿಡುವಾಗಲಿ ಎಂದೇ ಎಂದು ನಾನು ಓದಿಕೊಳ್ಳುತ್ತೇನೆ.

ತರ್ಪಣ ಕೇಳುವುದು ಮೂರು ತಲೆಮಾರಿನ ಹೆಸರು. ನಮ್ಮಲ್ಲಿ ಎಷ್ಟು ಜನಕ್ಕೆ ಮುತ್ತಜ್ಜಿಯ ಹೆಸರು ಗೊತ್ತು? ಅವಳು ಯಾವ ಊರಿಂದ ಬಂದವಳು, ಏನು ಬೇಯಿಸುತ್ತಿದ್ದಳು, ಯಾವ ಬರಗಾಲ ದಾಟಿ ಮಕ್ಕಳನ್ನು ಸಾಕಿದಳು? ಮುಂದಿನ ಅಮಾವಾಸ್ಯೆಯ ಸಂಜೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಈ ಹೆಸರುಗಳನ್ನು ಕೇಳಿ, ಮಕ್ಕಳ ಕೈಯಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಹೇಳಬಲ್ಲವರು ನಮ್ಮ ಜೊತೆ ಇರುವಾಗಲೇ ಈ ಕೆಲಸ ಆಗಬೇಕು.